ಮರಿಯಮ್ಮನ ಕೈಗುಣ

ಯಡಿಯೂರಿನ ಹಳೇ ಬೀದಿಗಳಲ್ಲಿ ಹೆಣ್ಣುಮಗಳೊಬ್ಬಳು ಬಾಣಂತನ ಮುಗಿಸಿ ಮಗುವನ್ನೆತ್ತಿಕೊಂಡು ಹೊರಗೆ ಬಂದರೆ ಜನ ಮೊದಲು ನೋಡುತ್ತಿದ್ದುದು ಮಗುವಿನ ಮುಖವನ್ನಲ್ಲ, ತಾಯಿಯ ಹೊಟ್ಟೆಯನ್ನು. ಹೊಟ್ಟೆ ಒಳಗೆ ಹೋಗಿದ್ದರೆ, ಮರಿಯಮ್ಮ ಕಟ್ಟಿದ್ದಾ ಎಂದು ಕೇಳುತ್ತಿದ್ದರು. ಹೌದೆಂದರೆ ತಲೆದೂಗುತ್ತಿದ್ದರು. ಆ ತಲೆದೂಗುವುದರ ಮೇಲೆ ಮರಿಯಮ್ಮ ಮೂವತ್ತು ವರ್ಷ ಬದುಕಿದ್ದಳು. ಉಣ್ಣಲು ಉಡಲು ಆಕೆಗೆ ಕೊರತೆ ಇರಲಿಲ್ಲ. ಗಂಡ ಬೈರಣ್ಣನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಮನೆ ಎದ್ದಿತ್ತು, ಮೂರರಲ್ಲಿ ಬಾಡಿಗೆಯವರಿದ್ದರು. ಬಾಣಂತನ ಮಾಡಿಕೊಟ್ಟಿದ್ದಕ್ಕೆ ಆಕೆ ಒಂದು ಸೀರೆ, ಎಲೆ ಅಡಿಕೆ ಬಿಟ್ಟರೆ ಬೇರೇನನ್ನೂ ಮುಟ್ಟಿದವಳಲ್ಲ. ಆಕೆಗೆ ಬೇಕಾಗಿದ್ದುದು ಹೆಸರು. ಅನ್ನದ ಹಸಿವಾದರೆ ಉಂಡರೆ ತೀರುತ್ತದೆ, ಹೆಸರಿನ ಹಸಿವಿಗೆ ಆ ಸುಖವೂ ಇಲ್ಲ.

ಆಕೆಯ ಪದ್ಧತಿ ಯಾರಿಗಾದರೂ ಒಂದೇ. ದಿನ ಬಿಟ್ಟು ದಿನ ಮೈಗೆಲ್ಲ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಮೆಣಸಿನ ಸಾರು, ಅಂಟಿನುಂಡೆ. ಕುಡಿಯುವ ನೀರು ಮಾತ್ರ ದಿನಕ್ಕೆ ಎರಡೇ ಲೋಟ, ಅದೂ ಕಾಯಿಸಿ ಆರಿಸಿದ್ದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಆಕೆಗೆ ಆಕೆಯ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. ಎಲ್ಲ ಮುಗಿದ ಮೇಲೆ ಕಟ್ಟು. ಹಳೇ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಿಸಿ, ಬಾಣಂತಿಯನ್ನು ಚಾಪೆಯ ಮೇಲೆ ಮಲಗಿಸಿ, ಎದೆಯ ಕೆಳಗಿನಿಂದ ಸೊಂಟದವರೆಗೆ ಏಳು ಸುತ್ತು ಸುತ್ತಿ, ತನ್ನ ಮೊಣಕಾಲನ್ನು ಅವಳ ಪಕ್ಕೆಗೆ ಕೊಟ್ಟು ಜಗ್ಗಿ ಗಂಟು ಹಾಕುವುದು. ಉಸಿರು ಕಟ್ಟುತ್ತೆ ಎಂದವರಿಗೆ, ಹೆರುವಾಗ ಇದಕ್ಕಿಂತ ಸುಖವಾಗಿತ್ತಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಇಂಥ ಮರಿಯಮ್ಮನ ಒಬ್ಬಳೇ ಮಗಳು ಮೇಘಶ್ರೀಗೆ ಹನ್ನೊಂದನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು. ಮುದುಕರಿಗೆ ಬಂದು ಮಾತ್ರೆ ನುಂಗಿಸುವಂಥದ್ದಲ್ಲ. ಮೈ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟುಬಿಡುವಂಥದ್ದು. ಹೊರಗಿನಿಂದ ಕೊಡದಿದ್ದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುವಂಥದ್ದು. ವರ್ಷಗಟ್ಟಲೆ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡವಳು, ಜಯನಗರದ ಶಾಲೆಯೊಂದರಲ್ಲಿ ಟೀಚರಾದ ಮೇಲೆ ಪಂಪು ಹಾಕಿಸಿಕೊಂಡಿದ್ದಳು. ಎರಡು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಅದರಿಂದ ಹೊರಟ ಉದ್ದನೆಯ ತೆಳು ಟ್ಯೂಬು, ಟ್ಯೂಬಿನ ತುದಿಗೆ ಚರ್ಮದೊಳಗೆ ಕೂರುವ, ಉಗುರಿಗಿಂತ ಚಿಕ್ಕದಾದ ಮೆತ್ತನೆ ನಳಿಕೆ, ಅದು ಕದಲದಂತೆ ಮೇಲೊಂದು ಅಂಟುಪಟ್ಟಿ. ನಳಿಕೆಯ ಜಾಗವನ್ನು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಆ ಜಾಗಕ್ಕೆ ಡಾಕ್ಟರುಗಳು ಸೈಟು ಎನ್ನುವುದನ್ನು ಕೇಳಿ ಬೈರಣ್ಣ, ನಮ್ಮಪ್ಪ ಮೂರು ಸೈಟು ಉಳಿಸ್ಕೊಳ್ಳೋಕೆ ಕೋರ್ಟು ಅಲೆದ, ನನ್ನ ಮಗಳು ಮೂರು ದಿನಕ್ಕೊಂದು ಸೈಟು ಬದಲಾಯಿಸ್ತಾಳೆ ಎಂದು ನಗಾಡುತ್ತಿದ್ದ. ಅವನು ಆ ಮನೆಯಲ್ಲಿ ನಗಾಡುವುದೊಂದು ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ.

ಅಳಿಯ ಶಶಿಧರ್ ಗಿರಿನಗರದವನು, ಅಲ್ಲೇ ಟೈಲ್ಸ್ ಅಂಗಡಿ ಇಟ್ಟಿದ್ದ. ಒಳ್ಳೆಯವನು, ಆದರೆ ಅವನ ಒಳ್ಳೆಯತನ ತಾಯಿಯ ಅಪ್ಪಣೆ ಕೇಳಿಕೊಂಡು ಹೊರಗೆ ಬರುವಂಥದ್ದು. ತಾಯಿ ಸುಧಾಮಣಿಗೆ ಮದುವೆಗೆ ಮೊದಲು 'ಹುಡುಗಿಗೆ ಚೂರು ಶುಗರ್ ಇದೆ' ಎಂದಷ್ಟೇ ಹೇಳಿದ್ದರು. ಆ ಚೂರು ಎಷ್ಟು ದೊಡ್ಡದೆಂದು ತಿಳಿದ ದಿನದಿಂದ ಸುಧಾಮಣಿ ಸೊಸೆಯ ತಟ್ಟೆಯನ್ನು ಪೊಲೀಸಿನವರಂತೆ ಕಾಯುತ್ತಿದ್ದಳು. ಶುಗರ್ ಏರಿತೆಂದರೆ ತಿಂದಿರಲೇಬೇಕು, ಬೇರೆ ಕಾರಣವೇ ಆಕೆಗೆ ಬೇಡ. ಗಂಡು ಮಗು ಹುಟ್ಟಿದ ಮಾರನೇ ದಿನ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಆಕೆ ಬೀಗಿತಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಬಾಣಂತನ ನೀವೇ ಮಾಡಿ, ನಿಮ್ಮ ಹೆಸರು ನಾನೂ ಕೇಳಿದ್ದೀನಿ. ಆದರೆ ಬಾಯಿ ಕಟ್ಟದೆ ಇವಳು ಮತ್ತೆ ಆಸ್ಪತ್ರೆ ಸೇರಿದಳು ಅಂತ ಒಂದು ಸಲ ಗೊತ್ತಾದರೂ ಮಗುವನ್ನು ನಾನು ಕರೆದುಕೊಂಡು ಹೋಗಿ ಸಾಕುತ್ತೇನೆ, ಸಕ್ಕರೆ ಹಾಲು ಕುಡಿದು ಅದು ಬೆಳೆಯುವುದು ಬೇಡ. ಶಶಿಧರ್ ಕಿಟಕಿಯಾಚೆ ನೋಡುತ್ತ ನಿಂತಿದ್ದ. ಮೇಘಶ್ರೀ ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

ಮರಿಯಮ್ಮನಿಗೆ ಆ ಮಾತು ಚುಚ್ಚಿದ್ದು ಮಗಳಿಗಾಗಿ ಅಲ್ಲ ಎಂದರೆ ಸುಳ್ಳಾಗುತ್ತದೆ. ಆಕೆಗೆ ಮಗಳ ಮೇಲೆ ಜೀವ. ಆದರೆ 'ನಿಮ್ಮ ಹೆಸರು ನಾನೂ ಕೇಳಿದ್ದೀನಿ' ಎಂಬ ಮಾತು ಅದಕ್ಕಿಂತ ಆಳಕ್ಕೆ ಇಳಿದಿತ್ತು. ಬೀಗಿತಿ ಬಾಯಿ ಮುಚ್ಚುವಂಥ ಬಾಣಂತನ ಮಾಡಿ ತೋರಿಸುತ್ತೇನೆ ಎಂದು ಅಲ್ಲೇ ಪಣ ತೊಟ್ಟಳು.

ಮೊದಲ ವಾರ ಮೇಘಶ್ರೀ ನಳಿಕೆಯನ್ನು ತೊಡೆಗೆ ಹಾಕಿಕೊಂಡಳು. ಎಣ್ಣೆ ನೀರು ಹಾಕಿದ ದಿನ ಅಂಟುಪಟ್ಟಿ ಜಾರಿ, ನಳಿಕೆ ಈಚೆಗೆ ಬಂದು ಟ್ಯೂಬಿನ ತುದಿಯಲ್ಲಿ ನೇತಾಡಿತು. ತೋಳಿಗೆ ಹಾಕಿಕೊಂಡಳು, ಅಲ್ಲೂ ಅದೇ ಗತಿ. ಎಣ್ಣೆ ಬಿಡಮ್ಮ ಎಂದು ಕೇಳಿದ್ದಕ್ಕೆ ಮರಿಯಮ್ಮ, ಎಣ್ಣೆ ಇಲ್ಲದ ಬಾಣಂತನ ಯಾವ ಊರಲ್ಲಿದೆ ಎಂದಳು. ಕಡೆಗೆ ಮೇಘಶ್ರೀ ಹೊಕ್ಕುಳ ಪಕ್ಕದ ಒಂದಿಷ್ಟು ಜಾಗಕ್ಕೆ ಎಣ್ಣೆ ಮುಟ್ಟಿಸದಂತೆ ಬೇಡಿಕೊಂಡು, ಅಲ್ಲಿ ನಳಿಕೆ ಕೂರಿಸಿದಳು. ಮರಿಯಮ್ಮ ಅಷ್ಟಕ್ಕೆ ಒಪ್ಪಿದಳು. ಒಪ್ಪಿ, ಅದರ ಮೇಲೆಯೇ ಸೀರೆಯ ಏಳು ಸುತ್ತು ಸುತ್ತಿದಳು.

ಹನ್ನೆರಡನೇ ದಿನ ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ಮುನ್ನೂರ ಇಪ್ಪತ್ತು. ಪಂಪಿನಿಂದ ಹೆಚ್ಚಿಗೆ ಇನ್ಸುಲಿನ್ ಬಿಟ್ಟಳು. ಎರಡು ಗಂಟೆ ಕಳೆದು ನೋಡಿದರೆ ಮುನ್ನೂರ ಅರವತ್ತು. ಮೇಘಶ್ರೀ ಮಾತಾಡುವುದಕ್ಕೆ ಮೊದಲೇ ಮರಿಯಮ್ಮ ಅಂಟಿನುಂಡೆಯ ಡಬ್ಬಿ ತೆಗೆದು ಎಣಿಸತೊಡಗಿದಳು. ಎಣಿಸಿದರೆ ಏನು ತಿಳಿಯಬೇಕು? ಬೈರಣ್ಣ ದಿನಕ್ಕೆ ನಾಲ್ಕು ಹಾರಿಸುತ್ತಿದ್ದ. ಕಡಿಮೆ ಇದ್ದುದೊಂದೇ ಆಕೆಗೆ ಕಂಡಿದ್ದು. ಮಗಳೇ ಕದ್ದು ತಿಂದಿದ್ದೆಂದು ತೀರ್ಮಾನ ಮಾಡಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು. ಬೈರಣ್ಣ ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಮೇಘಶ್ರೀ ಕಟ್ಟು ಬಿಚ್ಚಿ, ಅಂಟುಪಟ್ಟಿ ಕಿತ್ತು, ನಳಿಕೆಯನ್ನು ತಾಯಿಯ ಅಂಗೈ ಮೇಲಿಟ್ಟಳು. ನೆಟ್ಟಗಿರಬೇಕಾದ್ದು ನಡುವಿಗೆ ಮಡಿಸಿಕೊಂಡಿತ್ತು. ಪೂರ್ತಿ ಮುಚ್ಚಿಕೊಂಡರೆ ಪಂಪು ಕೂಗಿ ಹೇಳುತ್ತದೆ, ಹೀಗೆ ಮಡಿಸಿಕೊಂಡು ಇನ್ಸುಲಿನ್ ಚರ್ಮದ ಮೇಲೆ ಸೋರಿಹೋದರೆ ಅದಕ್ಕೆ ಗೊತ್ತಾಗುವುದಿಲ್ಲ, ಎಲ್ಲ ಒಳಗೆ ಹೋಯಿತೆಂದೇ ಲೆಕ್ಕ ಬರೆದುಕೊಳ್ಳುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿದಳು. ಒಂದು ಸಲ ಹೆಚ್ಚಿಗೆ ಕೊಟ್ಟೂ ಶುಗರ್ ಇಳಿಯದಿದ್ದರೆ ಪಂಪನ್ನು ನಂಬಬಾರದು. ಪೆನ್ನಿನಲ್ಲಿ ಇಂಜೆಕ್ಷನ್ ತೆಗೆದುಕೊಂಡು, ಜಾಗ ಬದಲಾಯಿಸಬೇಕು. ಹೇಳಿದಂತೆಯೇ ಫ್ರಿಜ್ಜಿನಿಂದ ಪೆನ್ನು ತಂದು ಚುಚ್ಚಿಕೊಂಡಳು, ಹೊಸ ನಳಿಕೆ ಹಾಕಿಕೊಂಡಳು. ಮಧ್ಯಾಹ್ನಕ್ಕೆ ನೂರಾ ನಲವತ್ತಕ್ಕೆ ಇಳಿಯಿತು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಡಬ್ಬಿಗೆ ಬೀಗ ಬಿದ್ದಿದ್ದಕ್ಕೇ ಇಳಿಯಿತೆಂದು ಮರಿಯಮ್ಮ ನಂಬಿದಳು. ಸಂಜೆಗೆ ಇನ್ನಷ್ಟು ಇಳಿದು ಮೇಘಶ್ರೀ ಬೆವರಿ, ಮಗು ಎತ್ತಿಕೊಂಡ ಕೈ ನಡುಗಿದಾಗ, ಎರಡೆರಡು ಕಡೆಯಿಂದ ಔಷಧಿ ಬಿಟ್ಟುಕೊಂಡರೆ ಇನ್ನೇನಾಗುತ್ತೆ ಎಂದು ಪೆನ್ನನ್ನೂ ತೆಗೆದು ಬೀರುವಿನಲ್ಲಿಟ್ಟಳು. ಆದರೂ ಅಂಗೈ ಮೇಲೆ ಕಂಡ ಆ ಮಡಿಸಿದ ನಳಿಕೆ ಒಳಗೆಲ್ಲೋ ಕುಟುಕಿತ್ತು. ಏಳೆಂಟು ದಿನ ಹೊಕ್ಕುಳ ಪಕ್ಕ ಸಡಿಲ ಬಿಟ್ಟು ಕಟ್ಟಿದಳು. ಆ ಏಳೆಂಟು ದಿನ ಶುಗರ್ ಹದದಲ್ಲಿತ್ತು, ಎದೆ ತುಂಬ ಹಾಲಿತ್ತು, ಮಗು ತೂಕ ಏರಿತ್ತು. ಮರಿಯಮ್ಮನ ಕಣ್ಣಿಗೆ ಮಾತ್ರ ಬೇರೆಯೇ ಬಿತ್ತು. ಸಡಿಲ ಬಿಟ್ಟ ಕಡೆ ಹೊಟ್ಟೆ ಸಣ್ಣ ಬನ್ನಿನಂತೆ ಉಬ್ಬಿಕೊಂಡಿತ್ತು.

ಹನ್ನೊಂದನೇ ದಿನ ಅಮಾವಾಸ್ಯೆ ಬಂದಿತ್ತೆಂದು ತೊಟ್ಟಿಲು ಶಾಸ್ತ್ರವನ್ನು ಇಪ್ಪತ್ತೊಂದಕ್ಕೆ ಇಟ್ಟುಕೊಂಡಿದ್ದರು. ಹಿಂದಿನ ದಿನ ಎಣ್ಣೆ ನೀರಾದ ಮೇಲೆ ಮರಿಯಮ್ಮ ಮಗಳ ಹೊಟ್ಟೆಯನ್ನು ಒತ್ತಿ ನೋಡಿದಳು. ನಾಳೆ ಗಿರಿನಗರದಿಂದ ಒಂದು ವ್ಯಾನು ಹೆಂಗಸರು ಬರುತ್ತಾರೆ. ಎಲ್ಲರ ಕಣ್ಣೂ ಎಲ್ಲಿಗೆ ಹೋಗುತ್ತದೆಂದು ಆಕೆಗಲ್ಲದೆ ಇನ್ಯಾರಿಗೆ ಗೊತ್ತು? ಮೇಘಶ್ರೀ ಹೊಸ ನಳಿಕೆ ಹಾಕಿಕೊಂಡು, ಅಲ್ಲಿ ಸಡಿಲ ಇರಲಿ ಎಂದು ನೆನಪಿಸಿದಳು. ಮರಿಯಮ್ಮ ಹೂಂ ಎಂದಳು. ಹೂಂ ಎನ್ನುತ್ತಲೇ ಮೊಣಕಾಲು ಕೊಟ್ಟು ಜಗ್ಗಿ, ಗಂಟನ್ನು ಮಗಳ ಕೈಗೆ ಎಟುಕದಂತೆ ಬೆನ್ನ ಹಿಂದೆ ಹಾಕಿದಳು. ಈ ಮೂವತ್ತು ವರ್ಷದಲ್ಲಿ ಯಾರಿಗೂ ಅಷ್ಟು ಬಿಗಿಯಾಗಿ ಕಟ್ಟಿರಲಿಲ್ಲ.

ಸಂಜೆ ಮೇಘಶ್ರೀ ಕಟ್ಟಿನ ಒಂದು ಮಗ್ಗುಲು ಒದ್ದೆಯಾಗಿದೆ, ಇನ್ಸುಲಿನ್ ವಾಸನೆ ಬರುತ್ತಿದೆ ಎಂದಳು. ಆಸ್ಪತ್ರೆಯಲ್ಲಿ ನೆಲ ಒರೆಸಿದಾಗ ಬರುವಂಥ ಒಂದು ಕಟು ವಾಸನೆ ಅದಕ್ಕಿದೆ, ಮರಿಯಮ್ಮನಿಗೂ ಮೂಗಿಗೆ ಬಡಿಯಿತು. ಮಗುವಿನ ಬಟ್ಟೆಗೆ ಹಾಕಿದ ಡೆಟ್ಟಾಲಿನದೆಂದು ಹೇಳಿ ಎದ್ದುಹೋದಳು. ಅಡುಗೆಯವರು ಹೋಳಿಗೆಗೆ ಬೇಳೆ ಎಷ್ಟು ಎಂದು ಕೇಳುತ್ತ ನಿಂತಿದ್ದರು.

ಶಾಸ್ತ್ರದ ದಿನ ಬೆಳಿಗ್ಗೆ ಮುನ್ನೂರ ಎಂಬತ್ತು. ಮೇಘಶ್ರೀಯ ನಾಲಿಗೆ ಅಂಟಂಟಾಗಿತ್ತು, ಎರಡು ಲೋಟದ ಲೆಕ್ಕ ಎಂಟು ಗಂಟೆಗೇ ಮುಗಿದಿತ್ತು. ರೇಷ್ಮೆ ಸೀರೆ ಉಡಿಸುತ್ತಿದ್ದ ತಾಯಿಯ ಕೈ ಹಿಡಿದುಕೊಂಡಳು.

"ಅಮ್ಮ, ಒಂದ್ ಹತ್ತು ನಿಮಿಷ ಬಿಚ್ಚಮ್ಮ. ನಳಿಕೆ ಮಡಿಸ್ಕೊಂಡಿದೆ, ನಂಗೆ ಗೊತ್ತಾಗ್ತಿದೆ. ಬದಲಾಯಿಸ್ಕೊಂಡು ಮತ್ತೆ ಕಟ್ಟಿಸ್ಕೋತೀನಿ."

"ಬೀಗರು ಕೆಳಗೆ ವ್ಯಾನ್ ಇಳೀತಾವ್ರೆ ಕಣೆ. ಈ ಹೊತ್ನಲ್ಲಿ ಹೊಟ್ಟೆ ಬಿಚ್ಕೊಂಡು, ಸೂಜಿ ಹಿಡ್ಕೊಂಡು ಕೂತಿದ್ರೆ ನಿಮ್ಮತ್ತೆ ಏನಂತಾಳೆ? ಅವ್ರು ಊಟ ಮಾಡ್ಕೊಂಡು ಹೋಗ್ಲಿ, ಆಮೇಲೆ ನೀನುಂಟು ನಿನ್ನ ಮಿಷನ್ನುಂಟು."

"ಪೆನ್ನಾದ್ರೂ ಕೊಡು."

ಮರಿಯಮ್ಮ ಕೊಡಲಿಲ್ಲ. ಬೀರುವಿನ ಕೀಲಿ ಆಕೆಯ ಸೊಂಟದಲ್ಲೇ ಇತ್ತು. ಮಗಳ ಮೇಲಿನ ದ್ವೇಷಕ್ಕಲ್ಲ, ಪಾಪ. ಚುಚ್ಚಿಕೊಂಡು ಎಲ್ಲರೆದುರು ಮೊನ್ನೆಯಂತೆ ನಡುಗಿದರೆ ಎಂಬ ಭಯ. ಗಂಟೆಗೆ ಮೂರು ಸಲ ಎದ್ದು ಬಾತ್‌ರೂಮಿಗೆ ಹೋಗುತ್ತಿದ್ದ ಮಗಳನ್ನು ನೋಡಿಯೂ, ಅಲ್ಲಿ ಅವಳು ನಲ್ಲಿಗೆ ಬಾಯಿಟ್ಟು ಕುಡಿಯುತ್ತಿರಬಹುದೆಂಬ ಅನುಮಾನ ಬಂದು, ಮೂರನೇ ಸಲ ತಾನೂ ಹಿಂದೆ ಹೋಗಿ ಬಾಗಿಲು ತೆರೆದಿಟ್ಟುಕೊಂಡು ನಿಂತಳು. ಹೆತ್ತ ಮಗಳು ನೀರು ಕದಿಯದಂತೆ ಕಾವಲು ನಿಂತವಳನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಹೆಂಗಸರು ಬಂದರು. ನೋಡಬೇಕಾದ್ದನ್ನು ನೋಡಿದರು. ಸುಧಾಮಣಿಯ ಅಕ್ಕ ಮೇಘಶ್ರೀಯ ಸೊಂಟದ ಸುತ್ತ ಕೈಯಾಡಿಸಿ, ಹೆತ್ತವಳ ಹಾಗೇ ಇಲ್ಲವಲ್ಲ ಎಂದಳು. ಸುಧಾಮಣಿಯೂ ಇಷ್ಟವಿಲ್ಲದೆ ತಲೆದೂಗಿದಳು. ಮರಿಯಮ್ಮನ ಎದೆ ತುಂಬಿ ಬಂತು. ತೊಟ್ಟಿಲಿಗೆ ಮಗು ಹಾಕಿದರು, ಹಾಡಿದರು, ಕಿವಿಯಲ್ಲಿ ಚೈತನ್ಯ ಎಂದು ಹೆಸರು ಕೂಗಿದರು. ಮೇಘಶ್ರೀ ಗೋಡೆಗೆ ಒರಗಿ ಕೂತಿದ್ದಳು. ಉಸಿರು ದೊಡ್ಡದಾಗಿ, ಬೇಗ ಬೇಗ ಆಡುತ್ತಿತ್ತು. ಕುಂಕುಮ ಇಡಲು ಬಗ್ಗಿದ ಮರಿಯಮ್ಮನಿಗೆ ಮಗಳ ಬಾಯಿಂದ ಕಳಿತ ಹಣ್ಣಿನ ವಾಸನೆ ಬಂತು. ತಟ್ಟೆಯಲ್ಲಿ ರಸಬಾಳೆಯ ಚಿಪ್ಪಿತ್ತು. ಆಕೆಗೆ ರೇಗಿತು. ಕಿವಿಯ ಹತ್ತಿರ ಬಾಯಿಟ್ಟು, ಇಷ್ಟು ಜನರ ಮುಂದೆಯೂ ಬಾಯಿ ಚಪಲ ಬಿಡಲಿಲ್ಲವಾ ಎಂದು ಹಲ್ಲು ಕಚ್ಚಿ ಕೇಳಿದಳು. ಆ ವಾಸನೆ ಬಾಳೆಹಣ್ಣಿನದಲ್ಲ, ಇನ್ಸುಲಿನ್ ಸಿಗದ ಮೈ ಒಳಗೊಳಗೇ ಕೊಬ್ಬು ಸುಡುತ್ತಿರುವುದರ ವಾಸನೆ ಎಂದು ಹೇಳಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ನಾಲಿಗೆ ಆಗಲೇ ಹೊರಳುತ್ತಿರಲಿಲ್ಲ.

ಎರಡನೇ ಪಂಕ್ತಿ ಕೂತಾಗ ಮೇಘಶ್ರೀ ಒಳಕೋಣೆಗೆ ಹೋಗಿ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಳು. ಮರಿಯಮ್ಮ ಓಡಿಬಂದು ಬಾಗಿಲು ಹಾಕಿಕೊಂಡು, ಉಸಿರಾಡಲೆಂದು ಸೀರೆ ಸಡಿಲಿಸಿ ಕಟ್ಟು ಬಿಚ್ಚಿದಳು. ಏಳನೇ ಸುತ್ತು ಬಿಡಿಸುವಾಗ ಅಂಟುಪಟ್ಟಿಯೂ ಬಟ್ಟೆಯ ಜೊತೆಗೇ ಎದ್ದು ಬಂತು. ಬಟ್ಟೆ ಅಂಗೈ ಅಗಲ ಒದ್ದೆ. ನಳಿಕೆ ಚರ್ಮಕ್ಕೆ ಇಳಿದೇ ಇರಲಿಲ್ಲವೇನೋ ಎಂಬಂತೆ ಬುಡದಲ್ಲೇ ಮಡಿಸಿಕೊಂಡಿತ್ತು. ಹೊಟ್ಟೆಯ ಮೇಲೆ ಸೀರೆಯ ಅಂಚಿನ ಗುರುತು ಕೆಂಪಗೆ ಬರೆ ಎಳೆದಂತೆ ಮೂಡಿತ್ತು.

ಆಕೆಗೆ ಎಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ, ಆ ಕ್ಷಣದಲ್ಲಿ ಪೂರ್ತಿ ಅರ್ಥವಾಗಿತ್ತು. ನಿನ್ನೆ ಸಂಜೆಯಿಂದ ಈ ಹುಡುಗಿಯ ಮೈಗೆ ಒಂದು ತೊಟ್ಟು ಔಷಧಿ ಇಳಿದಿಲ್ಲ, ಇಳಿಯದಂತೆ ಮಾಡಿದ್ದು ನನ್ನ ಕೈ. ಅಯ್ಯೋ ನನ್ನ ಕಂದ ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಬಾಗಿಲಾಚೆ ಸುಧಾಮಣಿಯ ದನಿ, ಏನಾಯ್ತು ಏನಾಯ್ತು ಎಂದು ಹತ್ತಿರ ಬರುತ್ತಿತ್ತು. ಅಳುತ್ತಿದ್ದ ಮರಿಯಮ್ಮ ಅಳುತ್ತಲೇ ನಳಿಕೆಯನ್ನು ಕಿತ್ತು, ಮಗುವಿನ ಕೊಳಕು ಬಟ್ಟೆಯಲ್ಲಿ ಸುತ್ತಿ, ಕಸದ ಬುಟ್ಟಿಯ ತಳಕ್ಕೆ ತಳ್ಳಿದಳು. ಒದ್ದೆ ಸೀರೆಯನ್ನು ಬಕೆಟ್ಟಿನ ನೀರಿಗೆ ಹಾಕಿದಳು. ಆಮೇಲೆ ಬಾಗಿಲು ತೆಗೆದಳು.

ಆಸ್ಪತ್ರೆಯಲ್ಲಿ ಶುಗರ್ ನೋಡುವ ಯಂತ್ರ ಅಂಕಿ ತೋರಿಸದೆ, ತನ್ನ ಅಳತೆಗೂ ಮೀರಿದೆ ಎಂದಿತು. ರಕ್ತ ಹುಳಿಯಾಗಿದೆ, ಮೈಯಲ್ಲಿ ನೀರೇ ಇಲ್ಲ ಎಂದರು. ಎರಡೂ ಕೈಗೆ ಸಲೈನು ಹಾಕಿ ಐಸಿಯುಗೆ ತಳ್ಳಿದರು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಪಂಪಿನ ಗುಂಡಿಗಳನ್ನು ಒತ್ತಿ ನೋಡಿ ಹೊರಗೆ ಬಂದು, ಯಂತ್ರದ ಲೆಕ್ಕದಲ್ಲಿ ಇನ್ಸುಲಿನ್ ಸರಿಯಾಗೇ ಹೋಗಿದೆ ಎಂದ. ಒಂದೋ ನಳಿಕೆ ಮಡಿಸಿ ಅದು ಮೈ ಸೇರಿಲ್ಲ, ಇಲ್ಲಾ ಸೋಂಕು, ಇಲ್ಲಾ ಏನೋ ವಿಪರೀತ ಸಿಹಿ ತಿಂದಿದ್ದಾರೆ. ಆ ನಳಿಕೆ ಎಲ್ಲಿ, ನೋಡಿದರೆ ಗೊತ್ತಾಗುತ್ತದೆ ಎಂದ. ಶಶಿಧರ್ ಅತ್ತೆಯ ಕಡೆ ತಿರುಗಿದ. ಮಗುವನ್ನೆತ್ತಿಕೊಂಡಿದ್ದ ಸುಧಾಮಣಿಯೂ ತಿರುಗಿದಳು.

"ಅದು ಬಿದ್ದೋಯ್ತು ಸಾರ್, ನಾನೇ ಕಸಕ್ಕೆ ಹಾಕ್ದೆ," ಎಂದಳು ಮರಿಯಮ್ಮ. "ನೆಟ್ಟಗೇ ಇತ್ತು. ಉಂಡೆ ಡಬ್ಬಿ ಇವಳ ಕೈಗೆ ಸಿಗ್ದಂಗೆ ಇಟ್ಟಿದ್ದೆ. ಹೋಳಿಗೆ, ಬಾಳೆಹಣ್ಣು ಎಲ್ಲಾ ಮುಂದೇನೇ ಇತ್ತಲ್ಲ ಇವತ್ತು. ಎಷ್ಟೂಂತ ಕಾಯ್ಲಿ ನಾನು?"

ಡಾಕ್ಟರು ಅದನ್ನೇ ಬರೆದುಕೊಂಡ. ಸುಧಾಮಣಿ ಆಸ್ಪತ್ರೆಯ ಮೆಟ್ಟಿಲಿಳಿದು, ಮಗುವಿನೊಂದಿಗೆ ವ್ಯಾನು ಹತ್ತಿ ಗಿರಿನಗರಕ್ಕೆ ಹೋದಳು.

ಮೇಘಶ್ರೀ ಬದುಕಿದಳು. ಗಟ್ಟಿ ಜೀವ. ಮೂರನೇ ದಿನ ಕಣ್ಣು ಬಿಟ್ಟು ಸುತ್ತ ನೋಡಿ, ಮಗು ಎಲ್ಲಿ ಎಂದಳು. ಯಾರೂ ಹೇಳದೆಯೇ ಅವಳಿಗೆ ತಿಳಿಯಿತು. ವಾರ್ಡಿಗೆ ಬಂದ ದಿನ ತಾಯಿಯನ್ನು ಕೇಳಿದಳು, ನಳಿಕೆ ಹೇಗಿತ್ತು? ಮರಿಯಮ್ಮ ನೋಡಲಿಲ್ಲ ಎಂದಳು. ಡಾಕ್ಟರಿಗೆ ನೆಟ್ಟಗಿತ್ತು ಎಂದವಳು ಮಗಳಿಗೆ ನೋಡಲಿಲ್ಲ ಎಂದಳು. ಮಂಚದ ತುದಿಗೆ ನೇತುಹಾಕಿದ್ದ ಕೇಸ್ ಶೀಟಿನಲ್ಲಿ ಬರೆದಿದ್ದನ್ನು ಓದಿದ್ದ ಮೇಘಶ್ರೀ ತಾಯಿಯ ಮುಖವನ್ನೇ ಬಹಳ ಹೊತ್ತು ನೋಡಿ ಮಗ್ಗುಲು ಬದಲಾಯಿಸಿದಳು.

ಮನೆಗೆ ಬಂದ ಮೇಲೆ ಸುಧಾಮಣಿಯ ತೀರ್ಪು ಫೋನಿನಲ್ಲಿ ಬಂತು. ಮಗು ಡಬ್ಬದ ಹಾಲಿಗೆ ಒಗ್ಗಿದೆ. ಸೊಸೆಯ ಮೂರು ತಿಂಗಳ ಶುಗರ್ ರಿಪೋರ್ಟು ಸರಿಯಾಗಿ ಬರಲಿ, ಆಮೇಲೆ ಮಾತಾಡೋಣ. ಹಾಲು ಹಿಂಡಿ ಬಾಟಲಿಯಲ್ಲಿ ಕಳಿಸುತ್ತೇನೆ ಎಂದರೆ ಸಕ್ಕರೆ ಹಾಲು ಬೇಡ ಎಂದಳು. ತಾಯಿಯ ಸಕ್ಕರೆ ಕಾಯಿಲೆ ಹಾಲಿಗೆ ಇಳಿಯುವುದಿಲ್ಲ, ಮಗುವಿಗೆ ಏನೂ ಆಗುವುದಿಲ್ಲ ಎಂದು ಆಸ್ಪತ್ರೆಯ ನರ್ಸು ಹೇಳಿದ್ದನ್ನು ಶಶಿಧರ್ ತಾಯಿಗೆ ಹೇಳಿದ್ದ. ತಾಯಿ ಒಂದು ಸಲ ನೋಡಿದ್ದಕ್ಕೆ ಮತ್ತೆ ಹೇಳಿರಲಿಲ್ಲ. ಮೇಘಶ್ರೀ ಮೂರು ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಎದೆ ಹಿಂಡಿ ಚೆಲ್ಲಿ ಬರುತ್ತಿದ್ದಳು. ಮರಿಯಮ್ಮ ಆ ನಲ್ಲಿಯ ಸದ್ದಿಗೆ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ನೀರು ಈಗ ಎಷ್ಟು ಬೇಕಾದರೂ ಕುಡಿ ಎಂದು ತಂಬಿಗೆಗಟ್ಟಲೆ ತಂದಿಡುತ್ತಿದ್ದಳು. ಮಗಳು ಅದನ್ನು ಮುಟ್ಟದೆ, ತಾನೇ ಎದ್ದು ಹೋಗಿ ಬೇರೆ ಲೋಟದಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಹತ್ತು ದಿನ ಮಾತಾಡದವಳು ಒಂದು ಸಂಜೆ ತಾಯಿಯ ಎದುರಿಗೆ ಬಂದು ಕೂತಳು. ಅಳಲಿಲ್ಲ, ಬೈಯಲಿಲ್ಲ.

"ನನಗೆ ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಕೂ ಶಕ್ತಿ ಇಲ್ಲಮ್ಮ. ಈಗ ಅವರು ಫೋನ್ ಮಾಡ್ತಾರೆ, ಅತ್ತೇನೂ ಪಕ್ಕದಲ್ಲೇ ಇರ್ತಾರೆ. ನಾನು ಕಟ್ಟಿದ್ದು ಬಿಗಿಯಾಯ್ತು, ನಳಿಕೆ ಮಡಿಸಿತ್ತು, ನಾನೇ ನೋಡಿದೆ ಅಂತ ಒಂದೇ ಒಂದು ಮಾತು ಹೇಳ್ಬಿಡು. ನಾಳೆ ನನ್ನ ಮಗು ಬರುತ್ತೆ. ಮಗು ಬಂದ್ರೆ ನಾನು ಎಲ್ಲಾ ಮರೀತೀನಿ."

ಮರಿಯಮ್ಮನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಮಗಳ ಕೈಗಳನ್ನು ಹಿಡಿದು, ಹೇಳ್ತೀನಿ ಕಣವ್ವ, ಹೇಳ್ತೀನಿ ಎಂದಳು. ಆಗ ಆಕೆ ನಿಜವಾಗಿಯೂ ಹೇಳುವವಳಿದ್ದಳು.

ಫೋನು ಬರುವುದಕ್ಕೂ ಹಿಂದಿನ ಬೀದಿಯ ಬಸುರಿ ಹುಡುಗಿಯೊಬ್ಬಳು ತನ್ನ ತಾಯಿಯೊಂದಿಗೆ ಬರುವುದಕ್ಕೂ ಒಂದೇ ಆಯಿತು. ಹುಡುಗಿಗೆ ತುಂಬಿದ ಏಳು ತಿಂಗಳು. ತಾಯಿ ತಟ್ಟೆಯಲ್ಲಿ ಎಲೆ ಅಡಿಕೆ, ಹೂವು, ಒಂದು ಸೀರೆ ಇಟ್ಟುಕೊಂಡು ಹಜಾರದ ಸೋಫಾದಲ್ಲಿ ಕೂತಳು. ಮರಿಯಮ್ಮ ಒಂದು ನಿಮಿಷ ಎಂದು ಕೈಸನ್ನೆ ಮಾಡಿ ಒಳಕೋಣೆಗೆ ಬಂದಳು. ನಡುವೆ ಇದ್ದುದು ಪರದೆ ಮಾತ್ರ. ಮೇಘಶ್ರೀ ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟಿದ್ದಳು. ಶಶಿಧರ್ ಈ ಸಲ ತಾನಾಗಿಯೇ ಧೈರ್ಯ ಮಾಡಿದ್ದ.

"ಅತ್ತೆ, ಅಮ್ಮ ಇಲ್ಲೇ ಇದ್ದಾರೆ. ನಳಿಕೆ ಮಡಿಸಿತ್ತು ಅಂತ ಮೇಘ ಹೇಳ್ತಿದ್ದಾಳೆ. ನೀವು ನೋಡಿದ್ರಾ? ನೀವು ಹೂಂ ಅಂದ್ರೆ ನಾನು ನಾಳೆನೇ ಮಗೂನ ಕರ್ಕೊಂಡು ಬರ್ತೀನಿ."

ಮರಿಯಮ್ಮ ಮಗಳನ್ನು ನೋಡಿದಳು. ಆ ಮುಖದಲ್ಲಿ ಹತ್ತು ದಿನದಲ್ಲಿ ಮೊದಲ ಸಲ ರಕ್ತ ಕಂಡಿತ್ತು. ಪರದೆಯಾಚೆ ಹಜಾರದಲ್ಲಿ ಮಾತು ನಿಂತು, ಇಬ್ಬರೂ ಕಿವಿಗೊಟ್ಟಿರುವುದು ಆಕೆಗೆ ತಿಳಿಯುತ್ತಿತ್ತು. ಹೌದು ಎಂದರೆ ನಾಳೆ ಬೆಳಿಗ್ಗೆಗೆ ಯಡಿಯೂರಿಗೆಲ್ಲ ಗೊತ್ತಾಗುತ್ತದೆ, ಮರಿಯಮ್ಮ ಕಟ್ಟಿದ ಕಟ್ಟಿಗೆ ಸ್ವಂತ ಮಗಳೇ ಸಾಯುವ ಹಾಗಾಗಿದ್ದಳಂತೆ ಎಂದು. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದ್ದೀತೆಂದು ಆ ಹೆಂಗಸಿಗೆ ಹೊಳೆದಿದ್ದೇ ಒಂದು ದೊಡ್ಡ ದುರ್ಬುದ್ಧಿ. ಬೀಗಿತಿಯ ಮನಸ್ಸು ಕರಗಿಸಿದರೆ ಸಾಕಲ್ಲ, ನಿಜ ಯಾಕೆ ಬೇಕು ಎಂದುಕೊಂಡಳು.

"ಹೋಗ್ಲಿ ಬಿಡಿ ಅಳಿಯಂದ್ರೇ," ಎಂದಳು, ದನಿಯನ್ನು ಸಾಧ್ಯವಾದಷ್ಟು ಮೆತ್ತಗೆ ಮಾಡಿಕೊಂಡು. "ಚಿಕ್ಕ ಹುಡುಗಿ, ಬಾಯಿ ಚಪಲಕ್ಕೆ ತಿಂದ್ಬಿಟ್ಳು. ಇನ್ಮೇಲೆ ಸಿಹಿ ಮುಟ್ಟಲ್ಲ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡವ್ಳೆ. ನಿಮ್ಮಮ್ಮನಿಗೆ ಹೇಳಿ, ಇದೊಂದ್ ಸಲ ಕ್ಷಮಿಸ್ಲಿ."

ಆ ಕಡೆಯಿಂದ ಸುಧಾಮಣಿಯೇ ಮಾತಾಡಿದಳು. ನೀವಾದರೂ ನಿಜ ಒಪ್ಪಿಕೊಂಡಿರಿ, ದೊಡ್ಡ ಮನಸ್ಸು ನಿಮ್ಮದು ಎಂದಳು. ತಿಂದಿದ್ದೂ ಅಲ್ಲದೆ ತಿಂದಿಲ್ಲ ಎಂದು ಗಂಡನಿಗೇ ಸುಳ್ಳು ಹೇಳುವವಳ ಕೈಗೆ ಮಗು ಕೊಡುವುದು ಹೇಗೆ, ನೀವೇ ಹೇಳಿ ಎಂದಳು. ಮಗು ಇಲ್ಲೇ ಇರಲಿ, ರಿಪೋರ್ಟು ಗಿಪೋರ್ಟು ಏನೂ ಬೇಡ ಎಂದಳು. ಶಶಿಧರ್ ಅಮ್ಮ ಎಂದಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಮೇಘಶ್ರೀ ಹಾಸಿಗೆಯ ಮೇಲಿದ್ದ ಫೋನನ್ನೇ ನೋಡುತ್ತ ಕೂತಿದ್ದಳು. ಮರಿಯಮ್ಮ ಅವಳ ಭುಜ ಮುಟ್ಟಲು ಹೋದಳು. ಮಗಳು ಪಕ್ಕಕ್ಕೆ ಸರಿದಳು. ಎದ್ದು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು ಬಂತು. ಹಾಲಿನ ಹೊತ್ತಾಗಿತ್ತು.

ಹಜಾರದಿಂದ ಬಸುರಿ ಹುಡುಗಿಯ ತಾಯಿ ಕೆಮ್ಮಿದಳು. ಮರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಪರದೆ ಸರಿಸಿ ಹೊರಗೆ ಬಂದಳು. ಆ ತಾಯಿ ಎದ್ದು ನಿಂತು ಎರಡೂ ಕೈಯಲ್ಲಿ ತಟ್ಟೆ ನೀಡುತ್ತ, ಪಾಪ, ಇಷ್ಟೆಲ್ಲ ಮಾಡಿದರೂ ಮಗಳು ಮಾತು ಕೇಳದಿದ್ದರೆ ನೀವು ತಾನೇ ಏನು ಮಾಡುತ್ತೀರಿ ಅಕ್ಕ, ನಿಮ್ಮ ಕೈಗುಣ ನಮಗೆ ಗೊತ್ತಿಲ್ಲವೇ ಎಂದಳು. ಮರಿಯಮ್ಮ ತಟ್ಟೆ ತೆಗೆದುಕೊಂಡಳು. ಹುಡುಗಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಡಾಕ್ಟರು ಯಾವ ತಾರೀಖು ಕೊಟ್ಟಿದ್ದಾರೆ ಎಂದು ಕೇಳಿದಳು.